ಬಲಗಡೆಯಿಂದ ಬರೆದ ಸುರಪುರ

ಮೊನ್ನೆ ಯಾದಗಿರಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಎದುರಿನ ಹೊಸ ಕಟ್ಟಡಕ್ಕೆ ಆಳುಗಳು ಸುಣ್ಣ ಬಳಿಯುತ್ತಿದ್ದರು. ಬಿಸಿಲಿಗೆ ಹಸಿ ಸುಣ್ಣದ ವಾಸನೆ ಎದ್ದು ಬಂತು ನೋಡಿ, ನನ್ನ ಕಿವಿ ಬಿಸಿಯಾದವು. ಪಕ್ಕದಲ್ಲಿದ್ದ ಪರಿಚಯದವರೊಬ್ಬರು, "ಏನಾತ್ರಿ ಮಾಸ್ತರ, ಮಾರಿ ಕೆಂಪಗ ಆಗ್ಯಾದ?" ಎಂದರು. "ಬಿಸಲ್ರಿ" ಎಂದೆ. ಬಿಸಿಲೂ ಇತ್ತು, ಸುಳ್ಳಲ್ಲ. ಆದರೆ ಕಿವಿ ಬಿಸಿಯಾದದ್ದು ನಾಚಿಕೆಗೆ. ಆ ವಾಸನೆ ಬಂದರೆ ಸಾಕು, ರಂಗಂಪೇಟೆಯ ವಾಚನಾಲಯದ ಗೋಡೆ ಕಾಣುತ್ತದೆ. ಗೋಡೆಯ ಮುಂದೆ ಕುಂಚ ಹಿಡಿದು ನಿಂತ ಸಾಯಬಣ್ಣ ಮಾಸ್ತರ್ ಕಾಣುತ್ತಾರೆ.

ಅದು ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ನನಗೆ ಆಗಷ್ಟೇ ಮೀಸೆ ಮೂಡುತ್ತಿತ್ತು. ದೇವಾಪುರದಲ್ಲಿ ಅಪ್ಪನಿಗೆ ಕುರಿ, ಮೇಕೆ, ಒಂದಿಷ್ಟು ಮಳೆ ನಂಬಿದ ಹೊಲ. ನಾನು ರಂಗಂಪೇಟೆಯ ಅಕ್ಕನ ಮನೆಯಲ್ಲಿದ್ದುಕೊಂಡು ಸುರಪುರದ ಶಾಲೆಯಲ್ಲಿ ಓದಿದವನು. ಓದಿದ್ದು ಪೂರ್ತಿ ಉರ್ದುವಿನಲ್ಲಿ. ನಮ್ಮ ಕಡೆ ಆಗ ಹಾಗೆಯೇ. ಮನೆಯಲ್ಲಿ ಜೋಗುಳದಿಂದ ಬೈಗುಳದವರೆಗೆ ಎಲ್ಲ ಕನ್ನಡ. ಶಾಲೆಯ ಹೊಸ್ತಿಲು ದಾಟಿದರೆ ಅಲಿಫ್, ಬೇ. ನನಗೆ ಆ ಅಲಿಫ್ ಬೇ ಕಲಿಸಿದವರು ಸಾಯಬಣ್ಣ ಮಾಸ್ತರ್. ನನಗಷ್ಟೇ ಅಲ್ಲ, ಊರಿನಲ್ಲಿ ಕಚೇರಿ ಕೆಲಸಕ್ಕೆ ಹೋಗುತ್ತಿದ್ದವರಲ್ಲಿ ಅವರಿಂದ ಕಿವಿ ಹಿಂಡಿಸಿಕೊಳ್ಳದವರು ಕಡಿಮೆ.

ಕನ್ನಡ ಅಕ್ಷರ ಮಾತ್ರ ನನಗೆ ಯಾರೂ ಕಲಿಸಲಿಲ್ಲ. ಅಂಗಡಿಯ ಬೋರ್ಡು, ಬೀಡಿ ಕಟ್ಟು, ಗೋಡೆಯ ಮೇಲಿನ ಜಾಹೀರಾತು, ಹೀಗೆ ಕಂಡದ್ದನ್ನೆಲ್ಲ ಓದಿ ಓದಿ ಕಲಿತೆ. ಆಮೇಲೆ ವಾಚನಾಲಯದ ಕೀಲಿ ನನ್ನ ಕೈಗೆ ಬಂತು. ಬೆಳಿಗ್ಗೆ ತೆರೆಯುವುದು, ಕಸ ಹೊಡೆಯುವುದು, ಪತ್ರಿಕೆ ಹರವುವುದು, ಇಷ್ಟೇ ಕೆಲಸ. ಹುಬ್ಬಳ್ಳಿ ಕಡೆಯ ವಾರಪತ್ರಿಕೆಯೊಂದು ರೈಲಿನಲ್ಲಿ ಯಾದಗಿರಿಗೆ ಇಳಿದು, ಬಸ್ಸಿನ ಮೇಲೆ ಶಹಾಪುರ ದಾಟಿ, ಮೂಲೆಗಳೆಲ್ಲ ಮಡಚಿಕೊಂಡು ನಮ್ಮಲ್ಲಿಗೆ ಬರುತ್ತಿತ್ತು. ಅದರ ಕೊನೆಯ ಪುಟದಲ್ಲಿ ಪದಬಂಧ. ನಾನು ಹುಚ್ಚನಾದದ್ದು ಅಲ್ಲಿ.

ಹುಚ್ಚು ಯಾಕೆ ಹಿಡಿಯಿತು ಅಂದರೆ, ಆ ಪದಬಂಧ ಬರೆಯುತ್ತಿದ್ದವನು ಸುಮ್ಮನೆ ಅರ್ಥ ಕೇಳುವ ಮನುಷ್ಯನಾಗಿರಲಿಲ್ಲ. ಸುಳಿವಿನಲ್ಲಿ ಒಂದು ಕೈಯಿಂದ ತೋರಿಸಿ ಇನ್ನೊಂದು ಕೈಯಿಂದ ಮುಚ್ಚುತ್ತಿದ್ದ. "ತಲೆ ಹೋದ ಕನಸು ಸ್ವಲ್ಪವೇ" ಎಂದು ಬರೆಯುತ್ತಿದ್ದ. ನೀವು ಕನಸಿನ ಬಗ್ಗೆ ಯೋಚಿಸುತ್ತ ಕುಳಿತರೆ ಕೆಟ್ಟಿರಿ. 'ಕನಸು' ಎಂಬ ಮಾತಿನ ತಲೆ, ಅಂದರೆ ಮೊದಲ ಅಕ್ಷರ, ತೆಗೆಯಿರಿ. ಉಳಿದದ್ದು 'ನಸು'. ನಸು ಎಂದರೆ ಸ್ವಲ್ಪ. ಆಯಿತು! "ಅವನಲ್ಲಿ ಕಾಡು ಅಡಗಿದೆ" ಎಂದರೆ 'ಅವನ' ಎಂಬುದರೊಳಗೇ 'ವನ' ಕುಳಿತಿದೆ. ಇಂಥದ್ದೊಂದು ಬಿಡಿಸಿದ ದಿನ ನಾನು ಊಟ ಮಾಡುವಾಗಲೂ ನಗುತ್ತಿದ್ದೆ. ಅಕ್ಕ ರೊಟ್ಟಿ ಬಡಿಯುತ್ತ, "ಮನಿ ತುಂಬಿಸ್ಕೊಳ್ಳೋ ವಯಸ್ಸಿನ್ಯಾಗ ಕಾಗದದ ಮನಿ ತುಂಬಾಕತ್ತಾನ ನೋಡವ್ವ ನನ್ನ ತಮ್ಮ" ಎಂದು ನೆರೆಮನೆಯವರಿಗೆ ಕೇಳುವಂತೆ ಹೇಳುತ್ತಿದ್ದಳು.

ಆಷಾಢದ ಗಾಳಿ ಎದ್ದಿತ್ತು. ಮಳೆ ಗುಡ್ಡದಾಚೆ ಕಾಣಿಸಿಕೊಂಡು ಹೊರಟುಹೋಗುತ್ತಿತ್ತು. ಒಂದು ಮಧ್ಯಾಹ್ನ, ಓದುವವರು ಯಾರೂ ಇಲ್ಲದ ಹೊತ್ತಿನಲ್ಲಿ, ಸಾಯಬಣ್ಣ ಮಾಸ್ತರ್ ಒಳಗೆ ಬಂದರು. ನಾನು ಎದ್ದು ನಿಂತೆ. ಅವರು ಮೇಜಿನ ಮೇಲಿನ ಪದಬಂಧ ನೋಡಿದರು.

"ಮಾನ್ಯಾ, ಈ ಮನಿಗಳಾಗ ಏನ ತುಂಬತೀಯಪ?"

"ಅಕ್ಷರ ರೀ ಮಾಸ್ತರ. ಕೆಳಗ ಸುಳಿವು ಕೊಟ್ಟಿರ್ತಾರ. ಈಗ ಇದನ್ನ ಕೇಳ್ರಿ: ತಿರುಗಿ ನಿಂತ ದೊರೆಗೆ ಮುಪ್ಪು. ಎರಡಕ್ಷರ."

"ತಿಳೀಲಿಲ್ಲ. ಬಿಡಿಸಿ ಹೇಳು."

"ದೊರಿ ಅಂದ್ರ ರಾಜ. ರಾಜ ಅನ್ನೂದನ್ನ ತಿರುಗಿಸ್ರಿ. ಜ, ರಾ. ಜರಾ ಅಂದ್ರ ಮುಪ್ಪು."

"ಏ ಹುಚ್ಚಾ, ಜರಾ ಅಂದ್ರ ಸ್ವಲ್ಪಲ್ಲೇನು? ಜರಾ ತಡಿ, ಜರಾ ನೀರ ಕೊಡು ಅಂತೀವಿ."

"ಅದು ಉರ್ದು ರೀ. ಇದು ಸಂಸ್ಕೃತದ್ದು."

"ಅಂದ್ರ ಮುಪ್ಪು ಅನ್ನೂದು ಜರಾ ಜರಾನ ಬರ್ತಾದನ್ನು" ಎಂದು ಅವರು ನಕ್ಕರು. ನನ್ನ ಜೀವನದಲ್ಲಿ ಮಾಸ್ತರ್ ನಗುವುದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇನ್ನೊಂದು ಓದಿದೆ: "ನದಿ ಹಿಂದಕ್ಕೆ ಹರಿದರೆ ಸೂರ್ಯ ಹುಟ್ಟಿ ಮುಳುಗುತ್ತಾನೆ." ನಾನು ಉಸಿರು ಬಿಡುವುದರೊಳಗೆ, "ದಿನ" ಎಂದರು. ನನಗೆ ಅದನ್ನು ಬಿಡಿಸಲು ಅರ್ಧ ಗಂಟೆ ಹಿಡಿದಿತ್ತು.

ಆಮೇಲೆ ಅವರು ಬಾಗಿಲು ಮುಂದಕ್ಕೆಳೆದು ಬಂದು ಕುಳಿತರು. ಧ್ವನಿ ಇಳಿಯಿತು.

"ಸರ್ಕಾರದ ಹುಕುಂ ಬಂದದಪ. ನಾಡು ಒಂದಾದ ಮ್ಯಾಲ ಮಾಸ್ತರ್‌ಗಳು ಕನ್ನಡ ಪರೀಕ್ಷಾ ಪಾಸಾಗಬೇಕಂತ. ಪಾಸಾದ್ರ ಇಲ್ಲೇ ಇರಬಹುದು. ಆಗಲಿಲ್ಲಂದ್ರ ಬೀದರ ಕಡೆ ಉರ್ದು ಸಾಲಿಗೆ ಹಾಕ್ತಾರ. ನನ್ನ ಕನ್ನಡ ನಿನಗ ಗೊತ್ತದಲ್ಲ. ಬಾಯಿಲೆ ಬರ್ತಾದ. ಕಣ್ಣಿಲೆ ಬರೂದಿಲ್ಲ, ಕೈಲೆ ಬರೂದಿಲ್ಲ. ಮನ್ಯಾಗ ಅವ್ವ ಸೊಂಟ ಮುರಕೊಂಡು ಬಿದ್ದಾಳ. ನಾ ಎತ್ತಿ ಕೂಡ್ಸಿದ್ರ ಕುಂದರ್ತಾಳ. ಆಕಿನ್ನ ಬಿಟ್ಟು ಹೆಂಗ ಹೋಗಲಿ?"

ಅವರು ಪದಬಂಧದ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಮುದುಕ ಮಾಸ್ತರ ಅ ಆ ತಿದ್ದಾಕತ್ತಾನ ಅಂದ್ರ ಊರು ನಗತಾದ. ಪದಬಂಧ ಬಿಡಿಸಾಕ ಬರ್ತಾನ ಅಂದ್ರ ಯಾರೂ ಏನೂ ಅನ್ನೂದಿಲ್ಲ. ನೀ ನನಗ ಈ ಸುಳಿವು ಬಿಡಿಸಿ ಹೇಳು. ಅದರ ಕೂಡ ಅಕ್ಷರನೂ ಹೇಳು. ನಮ್ಮಿಬ್ಬರಾಗ ಇರಲಿ."

ಹೀಗೆ ಶುರುವಾಯಿತು. ದಿನಾ ಮಧ್ಯಾಹ್ನ ಮಾಸ್ತರ್ ಬರುತ್ತಿದ್ದರು. ನಾನು ಸುಳಿವು ಓದಿ ಬಿಡಿಸಿ ಹೇಳುತ್ತಿದ್ದೆ, ಉತ್ತರ ಅವರೇ ಬರೆಯುತ್ತಿದ್ದರು. ಬುದ್ಧಿ ಕತ್ತರಿಯಂತೆ ಓಡುತ್ತಿತ್ತು, ಕೈ ಮಾತ್ರ ಕಲ್ಲು. "ಯುದ್ಧದ ನಡು ಮುರಿದರೆ ಕೊರಳಿಗೆ ಹಾರ" ಎಂದರೆ, "ಸಮರದಾಗಿಂದು ಮ ತೆಗಿ, ಸರ" ಎಂದು ತಟ್ಟನೆ ಹೇಳುವರು. ಆ ಸಕಾರದ ಹೊಟ್ಟೆ ಬರೆಯಲು ಹಣೆಯಲ್ಲಿ ಬೆವರು. ನಾನು, "ಇಲ್ಲಿ ಬಾಗಬೇಕ್ರಿ" ಎಂದು ಅವರ ಬೆರಳು ಹಿಡಿದು ತಿದ್ದಿಸಬೇಕು. ನನ್ನ ಕಿವಿ ಹಿಂಡಿದ ಬೆರಳು ಅವು. ಹಿಡಿದಾಗಲೆಲ್ಲ ನಾನು ತಲೆ ತಗ್ಗಿಸುತ್ತಿದ್ದೆ. ಅವರು, "ಮಾರಿ ಮ್ಯಾಲೆತ್ತಿ ಹೇಳೋ, ಕಲಿಸಾವ ನಾಚಿದ್ರ ಕಲಿಯಾವ ಎಲ್ಲಿಗಿ ಹೋಗಬೇಕು?" ಎನ್ನುತ್ತಿದ್ದರು. ಒಂದೊಂದು ಸಲ ಸುಳಿವಿನ ಮೋಸ ತಿಳಿದಾಗ ಮೇಜು ಕುಟ್ಟಿ, "ಇದನ್ನ ಬರದಾವ ಪಕ್ಕಾ ಬದಮಾಷ ಇರಬೇಕಲೇ!" ಎಂದು ಹಿರಿಹಿರಿ ಹಿಗ್ಗುತ್ತಿದ್ದರು.

ಶ್ರಾವಣ ಬಂದು ಹೋಯಿತು. ತಡವಾಗಿಯಾದರೂ ಮಳೆ ಕೈಹಿಡಿಯಿತು, ಎರೆಹೊಲಗಳಲ್ಲಿ ಹಿಂಗಾರಿ ಜೋಳ ಬಿತ್ತಿದರು. ಅಷ್ಟರಲ್ಲಿ ನಮಗೆ ಗೊತ್ತಿಲ್ಲದೆ ಒಂದು ಸಂಗತಿ ನಡೆದಿತ್ತು. ಸಾಯಬಣ್ಣ ಮಾಸ್ತರ್ ಪದಬಂಧದಲ್ಲಿ ಭಾರಿ ನಿಪುಣ ಎಂದು ಊರು ತುಂಬ ಸುದ್ದಿ. ಕ್ಷೌರದಂಗಡಿಯಲ್ಲಿ, ಚಹಾದಂಗಡಿಯಲ್ಲಿ ಅದೇ ಮಾತು. ನಾವು ಹೊದ್ದ ಮುಸುಕು ಜರಿ ಪೇಟದಂತೆ ಮೆರೆಯತೊಡಗಿತ್ತು.

ನಾಡು ಒಂದಾಗುವ ಹಬ್ಬ ಹತ್ತಿರ ಬಂತು. ವಾಚನಾಲಯದ ಹೊರಗೋಡೆಗೆ ಸುಣ್ಣ ಬಳಿಸಿದರು. ಆ ಗೋಡೆಯ ತುಂಬ ಒಂದು ದೊಡ್ಡ ಪದಬಂಧ ಬರೆಸಬೇಕು, ಬಂದ ಜನ ಬಿಡಿಸಬೇಕು ಎಂದು ಹಿರಿಯರು ತೀರ್ಮಾನಿಸಿ, ಮಾಸ್ತರಿಗೇ ವೀಳ್ಯ ಕೊಟ್ಟರು. ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಮಾಸ್ತರ್ ಒಪ್ಪಿಕೊಂಡರು.

"ನಾ ಕೂಡ ಬರ್ತೀನ್ರಿ" ಎಂದೆ.

"ಬ್ಯಾಡ. ಇದೊಂದು ನಾನ ಮಾಡ್ತೀನಿ. ಮಾಸ್ತರ ಅಂತ ಇನ್ನೂ ಹೆಸರು ಅದ ನಂದು."

ಹಬ್ಬದ ದಿನ ಬೆಳಕು ಹರಿಯುವ ಮೊದಲೇ ಅವರು ಒಬ್ಬರೇ ಹೋಗಿ ಬರೆದರು. ನಾನು ಹೋಗುವಷ್ಟರಲ್ಲಿ ಜನ ಕೂಡಿದ್ದರು. ಸುಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಕೆಳಗೆ ಸುಳಿವುಗಳು ಸಾಲಾಗಿ, ದುಂಡಗೆ, ಒಂದು ಒತ್ತಕ್ಷರವೂ ತಪ್ಪದೆ ಇದ್ದವು. ನನಗೆ ಹೆಮ್ಮೆ ಉಕ್ಕಿತು. ಮೊದಲನೆಯ ಸುಳಿವು: "ದೇವತೆಗಳ ಊರು, ನಮ್ಮದೂ ಅದೇ. ನಾಲ್ಕಕ್ಷರ, ಎಡಬಲ." ಎಷ್ಟು ಚಂದ! ಸುರರೆಂದರೆ ದೇವತೆಗಳು, ಪುರವೆಂದರೆ ಊರು. ಹುಡುಗರೆಲ್ಲ ಒಟ್ಟಿಗೆ "ಸುರಪುರ!" ಎಂದು ಕೂಗಿದರು.

ಧಾರವಾಡ ಕಡೆಯಿಂದ ಹೊಸದಾಗಿ ಬಂದಿದ್ದ ಹೆಡ್‌ಮಾಸ್ತರರು ಕುಂಚ ತೆಗೆದುಕೊಂಡು ಮುಂದೆ ಹೋದರು. ಒಂದನೆಯ ಅಂಕಿಯ ಮನೆ ಹುಡುಕಿದರು. ಅದು ಮೇಲುಗಡೆ, ಬಲತುದಿಯಲ್ಲಿತ್ತು. ಅಲ್ಲಿ 'ಸು' ಬರೆದರು. 'ರ' ಬರೆಯಲು ಕುಂಚ ಸರಿಸಿದರು. ಮುಂದೆ ಮನೆಯೇ ಇಲ್ಲ. ಗೋಡೆ ಮುಗಿದಿತ್ತು.

"ಇದೇನ್ರಿ ಸಾಯಬಣ್ಣ ಮಾಸ್ತರ? ಉಳಿದ ಅಕ್ಷರ ಎಲ್ಲಿ ಬರೀಲಿ, ಬೀದ್ಯಾಗ?" ಎಂದರು. ಜನ ಗೊಳ್ಳೆಂದು ನಕ್ಕರು.

ನನಗೆ ತಕ್ಷಣ ತಿಳಿಯಿತು. ವಾರಪತ್ರಿಕೆಯಲ್ಲಿ ಮನೆಗಳೂ ಅಂಕಿಗಳೂ ಅಚ್ಚಾಗಿಯೇ ಬರುತ್ತಿದ್ದವು. ಮಾಸ್ತರ್ ಅವುಗಳನ್ನು ತುಂಬಿದ್ದರೇ ಹೊರತು ಎಂದೂ ತಾವೇ ಗೆರೆ ಎಳೆದು ಅಂಕಿ ಹಾಕಿರಲಿಲ್ಲ. ಆದರೆ ಶಾಲೆಯ ಹಾಜರಿ ಪುಸ್ತಕಕ್ಕೆ ಅವರು ಆಯುಷ್ಯವಿಡೀ ಗೆರೆ ಎಳೆದವರು. ಉರ್ದು ಹಾಜರಿಯಲ್ಲಿ ಮೊದಲ ಮನೆ ಬಲಕ್ಕೆ, ಅಲ್ಲಿಂದ ಎಡಕ್ಕೆ ಸಾಗುವುದು. ಸುಳಿವು ಬರೆಯುವಾಗ ಕನ್ನಡ ಎಂದು ಎಚ್ಚರ ಇತ್ತು. ಗೆರೆ ಎಳೆಯುವಾಗ ಕೈ ತನ್ನ ಹಳೆಯ ದಾರಿ ಹಿಡಿದಿತ್ತು. ಒಂದು ಮನೆಯಲ್ಲ, ಇಡೀ ಪದಬಂಧ ಬಲದಿಂದ ಎಡಕ್ಕಿತ್ತು.

ಮಾಸ್ತರ್ ಗೋಡೆಯನ್ನೇ ನೋಡುತ್ತಿದ್ದರು. ತಪ್ಪು ಎಲ್ಲಿದೆ ಎಂದು ಅವರಿಗೆ ಇನ್ನೂ ಹೊಳೆದಿರಲಿಲ್ಲ. ನನ್ನ ಕಡೆ ತಿರುಗಿ, ಮೆಲ್ಲಗೆ, "ಮಾನ್ಯಾ, ಏನಾಗ್ಯಾದೋ?" ಎಂದರು. ಮೆಲ್ಲಗೆ ಎಂದರೂ ಎಲ್ಲರಿಗೂ ಕೇಳಿಸಿತು.

ನಾನು ಮುಂದೆ ನುಗ್ಗಿದೆ. "ಅದು ಬೇಕಂತ ಹಾಕ್ಯಾರ್ರಿ! ಇಡೀ ಗ್ವಾಡಿನ ಒಂದು ಒಗಟು. ಬಲದಿಂದ ಎಡಕ್ಕ ತುಂಬಬೇಕು. ಯಾರು ಹಿಡೀತಾರ ನೋಡೂಣಂತ ಮಾಡ್ಯಾರ" ಎಂದೆ.

ಜನ "ವ್ಹಾ" ಎಂದರು. ಹೆಡ್‌ಮಾಸ್ತರರೂ, "ಹಂಗನ್ರಿ, ಭಾಳ ಛಲೋ" ಎಂದು ತಲೆದೂಗಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಮಾತಿನಿಂದಲೇ ಮಾಸ್ತರಿಗೆ ತಮ್ಮ ತಪ್ಪು ತಿಳಿದಿತ್ತು. ಅವರ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತು.

"ಇಲ್ರಿ" ಎಂದರು. "ಹುಡುಗ ನನ್ನ ಸಲುವಾಗಿ ಸುಳ್ಳ ಹೇಳಾಕತ್ತಾನ. ನಾನ ತಪ್ಪೇನಿ. ನನಗ ಕನ್ನಡ ಓದಾಕ ಬರಿಯಾಕ ಬರ್ತಿರಲಿಲ್ಲ. ಪದಬಂಧದ ನೆವದಿಂದ ಇವನ ಕಡೆ ಅಕ್ಷರ ಕಲಿಯಾಕತ್ತೇನಿ. ಕೈ ಇನ್ನೂ ಹಳೇ ರೂಢಿ ಬಿಟ್ಟಿಲ್ಲ."

ಯಾರೂ ನಗಲಿಲ್ಲ. ನಗಬೇಕಾದವರು ಅರ್ಧ ಜನ ಮಾಸ್ತರ ಕೈಯಲ್ಲೇ ಓದಿದವರು, ಅವರ ಕೈಗಳೂ ಹಾಗೆಯೇ. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡತೊಡಗಿದರು. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಿಂದಿನಿಂದ ಸ್ಟ್ಯಾಂಪ್ ಮಾರುವ ನಿಂಗಣ್ಣ ಜನರನ್ನು ದಾಟಿ ಬಂದ. ಹೆಡ್‌ಮಾಸ್ತರರ ಕೈಯಿಂದ ಕುಂಚ ಕೇಳಿ ತೆಗೆದುಕೊಂಡು, 'ಸು'ವಿನ ಎಡಕ್ಕೆ 'ರ', ಅದರ ಎಡಕ್ಕೆ 'ಪು', ಅದರ ಎಡಕ್ಕೆ 'ರ' ಬರೆದ.

"ನನಗ ಹಿಂಗಿದ್ರ ಸರಳ ಆತ್ರಿ ಮಾಸ್ತರ" ಎಂದ. ಆಮೇಲೆ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಗೋಡೆ ತುಂಬಿತು. ಮಾಸ್ತರ್ ಅಷ್ಟರಲ್ಲಿ ಮನೆಗೆ ಹೋಗಿಬಿಟ್ಟಿದ್ದರು.

ಆ ಮೇಲೆ ಮುಚ್ಚುಮರೆ ಉಳಿಯಲಿಲ್ಲ. ಮಾಸ್ತರ್ ಹಾಡುಹಗಲೇ ಪಾಟಿ ಬಳಪ ಹಿಡಿದು ಬರತೊಡಗಿದರು. ಪರೀಕ್ಷೆ ಶಹಾಪುರದಲ್ಲಿ. ಚಳಿಯ ಬೆಳಿಗ್ಗೆ ನಾನೇ ಬಸ್ಸಿನಲ್ಲಿ ಜೊತೆಗೆ ಹೋದೆ, ಬೇವಿನ ಮರದ ಕೆಳಗೆ ಕಾಯುತ್ತ ಕುಳಿತೆ. ಹೊರಗೆ ಬಂದ ಮಾಸ್ತರ್ ಮರದ ಕಟ್ಟೆಯ ಮೇಲೆ ಕುಳಿತು ಬೆರಳು ತಿಕ್ಕಿಕೊಂಡರು.

"ಎಲ್ಲಾ ಬರ್ತಿತ್ತೋ ಮಾನ್ಯಾ. ಒಂದೊಂದು ಅಕ್ಷರ ಚಿತ್ರಾ ತಗದಂಗ ತಗೀಬೇಕು. ಅರ್ಧಕ್ಕ ಗಂಟಿ ಹೊಡದ್ರು."

ಬುತ್ತಿ ಬಿಚ್ಚಿ ರೊಟ್ಟಿ ಮುರಿದು ನನಗೇ ಮೊದಲು ಕೊಟ್ಟರು.

ನಪಾಸು. ಬೀದರ ಕಡೆಗೆ ಹುಕುಂ ಆಯಿತು. ಹೊರಡುವ ಮುನ್ನ ಅವರು ನನ್ನನ್ನು ಕರೆದುಕೊಂಡು ಹೆಡ್‌ಮಾಸ್ತರರ ಕೋಣೆಗೆ ಹೋದರು. ಯಾಕೆ ಎಂದು ನನಗೆ ಹೇಳಿರಲಿಲ್ಲ.

"ನನ್ನ ಜಾಗಾ ಖಾಲಿ ಆಗತಾದ. ಈ ಹುಡುಗನ್ನ ತಗೋರಿ."

"ಇವಗ ಕಲಿಸಾಕ ಬರ್ತಾದೇನ್ರಿ? ಟ್ರೇನಿಂಗ್ ಆಗಿಲ್ಲ."

"ನನ್ನ ನೋಡ್ರಿ. ಅಲಿಫ್ ಬಿಟ್ರ ಏನೂ ಕಾಣದ ಕಣ್ಣು. ನನ್ನಂಥ ಮುದಿ ದಡ್ಡಗ ಅರ್ಧ ಪೇಪರ್ ಬರಿಯೂ ಅಷ್ಟು ಕಲಿಸ್ಯಾನ. ಹುಡುಗರಿಗೆ ಕಲಿಸೂದಿಲ್ಲೇನು?"

ನನ್ನ ಮಾಸ್ತರ್ ನನ್ನ ಮುಂದೆ, ನನಗಾಗಿ, ತಮ್ಮನ್ನೇ ದಡ್ಡ ಎಂದು ಕರೆದುಕೊಳ್ಳುತ್ತಿದ್ದರು. ನಾನು ಗೋಡೆಯ ಮೇಲಿನ ಗಡಿಯಾರ ನೋಡುತ್ತ ನಿಂತೆ. ಬೇಡ ಎನ್ನಬೇಕು ಅನ್ನಿಸಿತು. ದೇವಾಪುರದ ಅಪ್ಪ, ಕುರಿ, ಅಕ್ಕನ ಮನೆಯ ಅನ್ನ ಎಲ್ಲ ನೆನಪಾಗಿ ಬಾಯಿ ಬರಲಿಲ್ಲ. ತಾತ್ಕಾಲಿಕ ಎಂದು ಹೇಳಿ ನನ್ನನ್ನು ತೆಗೆದುಕೊಂಡರು.

ಬಸ್ ಸ್ಟ್ಯಾಂಡಿನಲ್ಲಿ ಬಹಳ ಜನ ಕೂಡಿದ್ದರು. ಮಾಸ್ತರ ಕಂಕುಳಲ್ಲಿ ಆ ವಾರದ ಪತ್ರಿಕೆ ಇತ್ತು. ನಾನು ಕಿಟಕಿಯ ಹತ್ತಿರ ಹೋಗಿ, "ಎರಡನೇ ಸುಳಿವು ಭಾಳ ಬಿರುಸ ಅದ್ರಿ. ಬಿಡಿಸಿ ಹೇಳಲೇನು?" ಎಂದೆ.

"ಬ್ಯಾಡ ಬ್ಯಾಡ. ದಾರಿ ಉದ್ದದ. ನಾನ ಬಿಡಿಸ್ತೀನಿ" ಎಂದರು. ಬಸ್ಸು ಹೋಯಿತು.

ಮಾಸ್ತರ ಹೆಂಡತಿ ಶಾಂತವ್ವ ಒಬ್ಬರಿಂದ ಅತ್ತೆಯನ್ನು ಎತ್ತಿ ಕೂಡಿಸಲು ಆಗುತ್ತಿರಲಿಲ್ಲ. ನಾನು ದಿನಾ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಆ ಮನೆಗೆ ಹೋಗತೊಡಗಿದೆ. ಮುದುಕಿಗೆ ಸೊಂಟ ಬಿದ್ದಿತ್ತೇ ಹೊರತು ನಾಲಿಗೆ ಬಿದ್ದಿರಲಿಲ್ಲ. ನಾನು ಕಂಕುಳಿಗೆ ಕೈ ಹಾಕಿ ಎತ್ತಿದರೆ, "ಮೆಲ್ಲಕ ಎತ್ತೋ ಕುರುಬಣ್ಣ, ನಾನೇನು ನಿಮ್ಮಪ್ಪನ ಟಗರೇನು?" ಎನ್ನುತ್ತಿದ್ದಳು.

ಶಾಲೆಯಲ್ಲಿ ನಾನು ನಿಂತೇ ಪಾಠ ಮಾಡುತ್ತಿದ್ದೆ. ಮಾಸ್ತರ ಕುರ್ಚಿ ಇದ್ದಲ್ಲೇ ಇತ್ತು. ಅದರ ಕೈ ಮಾಸ್ತರ ಕೈಯಿಂದ ಸವೆದು ಹೊಳೆಯುತ್ತಿತ್ತು. ಅದರ ಕಡೆ ನೋಡಿದರೆ ಸಾ‌ಕು, ನನ್ನ ಕಾಲು ಹಿಂದೆ ಸರಿಯುತ್ತಿತ್ತು. ಹೆಡ್‌ಮಾಸ್ತರರು ಒಮ್ಮೆ ಬಂದು ನೋಡಿ, "ಯಾಕ್ರಿ, ಮೂಲವ್ಯಾಧಿ ಏನು?" ಎಂದು ಹುಡುಗರೆದುರೇ ಕೇಳಿದರು. ಹುಡುಗರು ನಕ್ಕರು. ನಾನೂ ನಕ್ಕೆ. ಕೂರಲಿಲ್ಲ.

ಈ ಸುದ್ದಿ ಮುದುಕಿಯವರೆಗೂ ಹೋಗಿತ್ತು. ಮರುದಿನ ಎತ್ತಿ ಕೂಡಿಸಿದ ಮೇಲೆ ಆಕೆ ನನ್ನ ಕೈ ಬಿಡಲಿಲ್ಲ.

"ಏನಪ ಮಾಸ್ತರ, ನನ್ನ ಮಗನ ಕುರ್ಚಿ ಹೆಂಗದ? ಮೆತ್ತಗದ?"

"ಇನ್ನೂ ಕುಂತಿಲ್ಲ ಆಯಿ."

"ಯಾಕ?"

"ನಾಚಿಕಿ ಬರ್ತಾದ."

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಳಗಿನಿಂದ ಶಾಂತವ್ವ, "ಅತ್ತೀ, ಬಿಡ್ರಿ ಹುಡುಗನ್ನ, ಸಾಲಿಗೆ ಹೊತ್ತಾಗತಾದ" ಎಂದರು. ಮುದುಕಿ ಬಿಡಲಿಲ್ಲ.

"ನಾಚಿಕಿ ಬರಲಿ, ಬಂದ್ರ ಛಲೋನ. ಆದ್ರ ಒಂದು ಹೇಳು. ಯಾರೂ ಕುಂದರಲಾರದ ಕುರ್ಚಿ ಸಲುವಾಗಿ ನನ್ನ ಮಗ ಬೀದರಿಗಿ ಹೋದನೇನು? ಹೋಗು. ಕುಂದರು ಹೋಗು."

ಹೋದೆ. ಹುಡುಗರು ಎದ್ದು ನಿಂತು, "ನಮಸ್ಕಾರ್ರೀ ಮಾಸ್ತರ" ಎಂದರು. ನಾನು ಹಾಜರಿ ಪುಸ್ತಕ ತೆಗೆದುಕೊಂಡು ಕುರ್ಚಿಯ ಮುಂದೆ ಬಂದೆ, ಕಣ್ಣು ಮುಚ್ಚಿ ಕುಳಿತೆ. ಕುರ್ಚಿ ಕಿರ್ರೆಂದಿತು. ಏಳಬೇಕು ಅನ್ನಿಸಿತು. ಏಳಲಿಲ್ಲ. ಮೊದಲ ಹೆಸರು ಕೂಗಿದೆ.